ತತ್ತ್ವಬೋಧನೆಯಲ್ಲಿ ಹಾಡು ಮತ್ತು ಚಿತ್ರ

ತತ್ತ್ವಶಾಸ್ತ್ರದ ಪಾಠವನ್ನು ಉಪನ್ಯಾಸ, ಟಿಪ್ಪಣಿಗಳಿಂದಲೇ ಮುಗಿಸದೆ, ವಿದ್ಯಾರ್ಥಿಗಳಿಂದ ಧ್ವನಿಮುದ್ರಿಕೆ, ಕಿರುಚಿತ್ರ, ಚಿತ್ರಮಾಲೆಗಳನ್ನು ರಚಿಸಿ ಕಲಿಸಬೇಕೆಂಬ ಅಭಿಪ್ರಾಯ ಈಚೆಗೆ ಪ್ರಬಲವಾಗುತ್ತಿದೆ. ಇದನ್ನು ತೀರ ಹೊಸತೆಂದು ಹೊಗಳುವವರಿದ್ದಾರೆ. ಬರಿಯ ಆಟವೆಂದು ಹಳಿಯುವವರೂ ಇದ್ದಾರೆ. ಕಲಬುರಗಿ ಸೀಮೆಯ ಮಟ್ಟಿಗೆ ಈ ಎರಡು ಮಾತುಗಳೂ ಸಲ್ಲವೆಂದು ನಾವು ಭಾವಿಸುತ್ತೇವೆ.

ಆಳಂದ ತಾಲ್ಲೂಕಿನ ಜಿಡಗಾ ಮೊದಲಾಗಿ ಅಫಜಲಪುರ, ಜೇವರ್ಗಿಗಳವರೆಗಿನ ಈ ನೆಲದಲ್ಲಿ ತತ್ತ್ವವು ಬಹುಮಟ್ಟಿಗೆ ಕಿವಿಯ ದಾರಿಯಿಂದಲೇ ಜನರನ್ನು ಮುಟ್ಟಿದೆ. ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳೂ ಅವರ ಶಿಷ್ಯಪರಂಪರೆಯ ಚನ್ನೂರ ಜಲಾಲಸಾಹೇಬರ ಪದಗಳೂ ಭಜನೆಯ ಮೇಳಗಳಲ್ಲಿ ಏಕತಾರಿಯೊಡನೆ ಉಳಿದುಬಂದವು. ದೇಹ, ಗುರು, ಸಾವು, ಜಾತಿಭೇದ ಇವುಗಳ ವಿಚಾರ ಅಲ್ಲಿ ರೂಪಕವಾಗಿ ನಿಲ್ಲುತ್ತದೆ. ರೂಪಕದ ಒಗಟು ಬಿಡಿಸದೆ ಪದದ ಅರ್ಥ ದಕ್ಕುವುದಿಲ್ಲ. ಆದುದರಿಂದ ಇಲ್ಲಿ ರಾಗವು ವಿಚಾರಕ್ಕೆ ತೊಡಿಸಿದ ಒಡವೆಯಲ್ಲ, ವಿಚಾರಕ್ಕೆ ಬಾಗಿಲು.

ಇನ್ನೂ ಹೆಚ್ಚಿನ ಪಾಠ ಹರದೇಶಿ–ನಾಗೇಶಿ ಗೀಗೀಪದಗಳಲ್ಲಿದೆ. ಹರದೇಶಿಯವರು ಗಂಡಿನ ಹಿರಿಮೆಯನ್ನೂ ನಾಗೇಶಿಯವರು ಹೆಣ್ಣಿನ, ಎಂದರೆ ಶಕ್ತಿಯ, ಹಿರಿಮೆಯನ್ನೂ ಎತ್ತಿಹಿಡಿದು ಸವಾಲು ಜವಾಬುಗಳಿಂದ ವಾದಿಸುತ್ತಾರೆ. ಶಿವ ಮೊದಲೋ ಶಕ್ತಿ ಮೊದಲೋ ಎಂಬ ದರ್ಶನದ ಪ್ರಶ್ನೆಯೇ ಇಲ್ಲಿ ದಪ್ಪು, ತುಂತುಣಿಗಳ ನಡುವೆ ಚರ್ಚೆಗೆ ಬರುತ್ತದೆ. ಆದರೆ ಈ ಪ್ರಕಾರದ ಕೊರತೆಯನ್ನೂ ಹೇಳಬೇಕು. ಅನೇಕ ವೇಳೆ ಗೆಲುವು ಯುಕ್ತಿಗಿಂತ ಪುರಾಣಕಥೆಗಳ ನೆನಪಿಗೆ ಸಲ್ಲುತ್ತದೆ. ಹಾಗಿದ್ದರೂ ಎದುರುಪಕ್ಷವಿಲ್ಲದೆ ಪದ ಮುಂದುವರಿಯಲಾರದೆಂಬ ನಿಯಮ ಅದರ ದೊಡ್ಡ ಬಲ.

ವಿದ್ಯಾರ್ಥಿಗಳ ರಚನೆಗಳಲ್ಲಿ ಸಾಮಾನ್ಯವಾಗಿ ಕಾಣಬಹುದಾದ ದೋಷ ಇದರಿಂದ ಸ್ಪಷ್ಟವಾಗುತ್ತದೆ. ಮಾಯೆಯೆಂದೊಡನೆ ಮಂಜು, ಜ್ಞಾನವೆಂದೊಡನೆ ದೀಪ, ಮುಕ್ತಿಯೆಂದೊಡನೆ ಹಾರುವ ಹಕ್ಕಿ ತೋರಿಸಿದರೆ ಪಾರಿಭಾಷಿಕ ಪದಕ್ಕೆ ಪಟವಂಟಿಸಿದಂತಾಯಿತೇ ಹೊರತು ವಿಚಾರ ಬೆಳೆಯಲಿಲ್ಲ. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಏಳನೆಯ ಭಾಗದಲ್ಲಿ ಹೇಳುವ ಗುಹೆಯ ದೃಷ್ಟಾಂತವನ್ನು ಚಿತ್ರಿಸುವ ವಿದ್ಯಾರ್ಥಿಯು, ತೆರೆಯ ಮೇಲಿನ ತನ್ನ ಚಿತ್ರವೂ ನೆರಳೇ ಅಲ್ಲವೆ ಎಂದು ಕೇಳಿಕೊಂಡರೆ ಮಾತ್ರ ಅದು ತತ್ತ್ವಶಾಸ್ತ್ರದ ಕೆಲಸವಾಗುತ್ತದೆ. ನಮ್ಮ ಶಾಸ್ತ್ರಗ್ರಂಥಗಳು ಪೂರ್ವಪಕ್ಷವನ್ನು ಮೊದಲು ನಿಲ್ಲಿಸಿ ಅನಂತರ ಸಿದ್ಧಾಂತವನ್ನು ಹೇಳುತ್ತವೆ. ಶೂನ್ಯಸಂಪಾದನೆಯ ಸಂಕಲನಕಾರರು ಬಿಡಿಬಿಡಿಯಾದ ವಚನಗಳನ್ನು ಸಂವಾದವಾಗಿ ಜೋಡಿಸಿದರು. ಆ ಜೋಡಣೆಯೇ ಒಂದು ವ್ಯಾಖ್ಯಾನವಾಯಿತು.

ಆದಕಾರಣ ಇಂಥ ರಚನೆಗಳನ್ನು ಅಳೆಯುವಾಗ ಚಿತ್ರದ ಅಂದ, ಧ್ವನಿಯ ಸ್ಪಷ್ಟತೆಗಳಿಗಿಂತ ಮೊದಲು ಒಂದು ಪ್ರಶ್ನೆ ಕೇಳಬೇಕು: ಇದರಲ್ಲಿ ಎರಡನೆಯ ದನಿ ಇದೆಯೆ? ತತ್ತ್ವಪದವೊಂದನ್ನು ಮುದ್ರಿಸಿಕೊಂಡ ವಿದ್ಯಾರ್ಥಿಯು ಹಾಡಿದವರ ವಿವರಣೆಯನ್ನೂ ತನ್ನ ಆಕ್ಷೇಪವನ್ನೂ ಅದಕ್ಕೆ ಬಂದ ಉತ್ತರವನ್ನೂ ಸೇರಿಸಲಿ. ಜೊತೆಗೆ ಒಂದು ಪುಟದ ವಾದವನ್ನು ಬರೆದುಕೊಡಲಿ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಜಿಡಗಾ ಇರುವ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ಇದೆ. ಇಂಥ ಅಭ್ಯಾಸಕ್ಕೆ ಸಾಮಗ್ರಿಯನ್ನು ದೂರದಿಂದ ತರಬೇಕಾಗಿಲ್ಲ.

ಮನೆಯಲ್ಲಿ ಪದ ಕೇಳಿ ಬೆಳೆದವನು ಕಾಲೇಜಿನಲ್ಲಿ ಗೈಡಿನ ವ್ಯಾಖ್ಯೆಗಳನ್ನು ಉರುಹೊಡೆದು ಪದವಿ ಪಡೆದರೆ ನಷ್ಟ ಇಬ್ಬಗೆಯದು: ತನ್ನ ಪದವನ್ನು ಅವನು ವಿಚಾರವೆಂದು ಅರಿಯುವುದಿಲ್ಲ, ಶಾಸ್ತ್ರವನ್ನು ತನ್ನದೆಂದು ಬಗೆಯುವುದಿಲ್ಲ. ಈ ಬಿರುಕನ್ನು ಕೂಡಿಸುವುದೇ ಹಾಡು, ಚಿತ್ರಗಳಿಂದ ನಾವು ನಿರೀಕ್ಷಿಸಬೇಕಾದ ಪ್ರಯೋಜನ.