ಕಪ್ಪತಗುಡ್ಡದ ಸುತ್ತು: ಸೈಕಲ್ ದಾರಿಗೂ ಒಂದು ಹಂಗಾಮು

ಗದಗ-ಬೆಟಗೇರಿಯಿಂದ ಹೊರಟು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಡಂಬಳ ಹಾದು ಮತ್ತೆ ಗದಗ ಸೇರಿದರೆ ಕಪ್ಪತಗುಡ್ಡದ ಬಹುಪಾಲನ್ನು ಸುತ್ತಿ ಬಂದಂತಾಗುತ್ತದೆ. ಎಷ್ಟೇ ನೇರ ಹಾದಿ ಹಿಡಿದರೂ 120 ಕಿಲೋಮೀಟರ್ ಮೀರುವ ಸುತ್ತು ಇದು. ಏರು ಇದೆ, ಇಳಿಜಾರಿದೆ, ಒಂದು ಕಡೆ ಎರೆ ಹೊಲ, ಇನ್ನೊಂದು ಕಡೆ ಮಸಾರಿ, ಗುಡ್ಡದ ನೆತ್ತಿಯಲ್ಲಿ ಸಾಲುಸಾಲು ಗಾಳಿಯಂತ್ರ. ದೂರದ ಸವಾರಿಗೆ ಸೈಕಲ್ ಏರುವವರಿಗೆ ಇಂಥ ನೆಲ ಕಂಡರೆ ಯುರೋಪಿನ ದ್ರಾಕ್ಷಿ ಸೀಮೆ ನೆನಪಾಗುವುದು ಸಹಜ. ಅಲ್ಲಿನ ಅಲೆಅಲೆಯಾದ ದಿಣ್ಣೆ, ಕಿರಿದಾದ ರಸ್ತೆ, ವೈನ್ ತಯಾರಿಸುವ ಹಳ್ಳಿ ಇವೇ ಜಗತ್ತಿನಾದ್ಯಂತ ಸೈಕಲ್ ದಾರಿಯ ಮಾದರಿಯಾಗಿ ಕುಳಿತಿವೆ. ಈ ಮಾದರಿಯಿಂದ ನಾವು ಕಲಿಯಬೇಕಾದದ್ದೊಂದು, ಕಲಿಯುತ್ತಿರುವುದು ಇನ್ನೊಂದು. ನೋಟವನ್ನು ಎರವಲು ತರುತ್ತೇವೆ, ಆ ನೋಟದ ಹಿಂದಿರುವ ಒಕ್ಕಲುತನದ ಲೆಕ್ಕವನ್ನು ಅಲ್ಲಿಯೇ ಬಿಟ್ಟು ಬರುತ್ತೇವೆ. ದಾರಿಯನ್ನು ನಕ್ಷೆಯ ಮೇಲಿನ ಗೆರೆಯೆಂದು ಎಣಿಸದೆ ಹಂಗಾಮಿನ ಜೊತೆ ಬದಲಾಗುವ ವೇಳಾಪಟ್ಟಿಯೆಂದು ಎಣಿಸಿದರೆ ಮಾತ್ರ ಕಪ್ಪತಗುಡ್ಡದ ಸುತ್ತಿನ ಗುಣವೂ ದೋಷವೂ ಸರಿಯಾಗಿ ಕಾಣುತ್ತವೆ.

ದ್ರಾಕ್ಷಿ ಸೀಮೆಯ ಯಶಸ್ಸಿಗೆ ವೈನ್ ಕಾರಣವೆನ್ನುವುದು ಅರ್ಧ ಸತ್ಯ. ಇಟಲಿಯ ಕಿಯಾಂತಿ ಸೀಮೆಯ ಗಾಯೊಲೆ ಎಂಬ ಊರಿನಲ್ಲಿ 1997ರಲ್ಲಿ ಶುರುವಾದ 'ಲೆರೋಯಿಕಾ' ಸವಾರಿಯನ್ನೇ ನೋಡಿ. ಹಳೆಯ ಸೈಕಲ್, ಹಳೆಯ ಉಡುಪು ತೊಟ್ಟು ಸಾವಿರಾರು ಜನ ಸೇರುವ ಈ ಸವಾರಿಯ ಮೂಲ ಉದ್ದೇಶ ಡಾಂಬರು ಬೀಳದ ಬಿಳಿ ಖಡಿಯ ಹಳ್ಳಿ ರಸ್ತೆಗಳನ್ನು ಉಳಿಸಿಕೊಳ್ಳುವುದು. ಅದು ನಡೆಯುವುದು ಅಕ್ಟೋಬರಿನ ಆರಂಭದಲ್ಲಿ, ದ್ರಾಕ್ಷಿ ಕೊಯ್ಲಿನ ಕಾಲಕ್ಕೆ. ಅಂದರೆ ರಸ್ತೆ, ಬೆಳೆ, ಸವಾರಿ ಮೂರೂ ಒಂದೇ ಪಂಚಾಂಗಕ್ಕೆ ಹೊಂದಿಕೊಂಡಿವೆ. ಕರ್ನಾಟಕದಲ್ಲಿ 2007ರ ದ್ರಾಕ್ಷಾರಸ ನೀತಿಯ ನಂತರ ನಂದಿ ಕಣಿವೆ, ಕೃಷ್ಣಾ ಕಣಿವೆಗಳ ಹೆಸರು ಕೇಳಿಬಂತು. ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿ ತೋಟ ಗದಗಕ್ಕೆ ತೀರಾ ದೂರವೇನಲ್ಲ. ಆದರೂ ತೋಟ ನೋಡಿ, ರುಚಿ ನೋಡಿ, ಕಾರಿನಲ್ಲಿ ವಾಪಸಾಗುವ ಪ್ರವಾಸದಿಂದ ಸೈಕಲ್ ದಾರಿ ಹುಟ್ಟುವುದಿಲ್ಲ. ಕಾರಿನವನಿಗೆ ಬೇಕಾದದ್ದು ತಲುಪುವ ಜಾಗ, ಸೈಕಲ್ಲಿನವನಿಗೆ ಬೇಕಾದದ್ದು ನಡುವಿನ ಪ್ರತಿ ಮೈಲಿಯ ಸ್ಥಿತಿ. ಆದ್ದರಿಂದ ಗದಗ ಸೀಮೆಗೆ ಕೇಳಬೇಕಾದ ಪ್ರಶ್ನೆ ಇಲ್ಲಿ ದ್ರಾಕ್ಷಿ ಇದೆಯೇ ಎಂಬುದಲ್ಲ. ಇಲ್ಲಿನ ಬೆಳೆಯ ಕಾಲಮಾನಕ್ಕೂ ದಾರಿಗೂ ಮಾತುಕತೆ ಇದೆಯೇ ಎಂಬುದು.

ಮೊದಲು ಗಾಳಿಯ ಮಾತು. ಕಪ್ಪತಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ನಿಂತಿರುವುದೇ ಸವಾರನಿಗೆ ಕೊಟ್ಟ ಎಚ್ಚರಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಬಿಡದೆ ಬೀಸುತ್ತದೆ, ಹೊತ್ತೇರಿದಂತೆ ಜೋರಾಗುತ್ತದೆ. ಆ ತಿಂಗಳುಗಳಲ್ಲಿ ಬೆಳಿಗ್ಗೆಯೇ ನೈಋತ್ಯಕ್ಕೆ ಹೊರಟು ಎದುರುಗಾಳಿಯನ್ನು ತಂಪು ಹೊತ್ತಿನಲ್ಲೇ ಎದುರಿಸಿ ಲಕ್ಷ್ಮೇಶ್ವರ ಮುಟ್ಟಿದರೆ, ಅಲ್ಲಿಂದ ಶಿರಹಟ್ಟಿ ದಾಟಿ ಮುಂಡರಗಿಯವರೆಗೆ ಗಾಳಿ ಬೆನ್ನಿಗೆ ಬರುತ್ತದೆ. ಮುಂಡರಗಿಯಿಂದ ಡಂಬಳದ ಮೇಲೆ ಗದಗಕ್ಕೆ ಬರುವ ಕೊನೆಯ ಹಾದಿಯಲ್ಲಿ ಗಾಳಿ ಓರೆಯಾಗಿ ಹೊಡೆಯುವುದು ತಪ್ಪದು. ತುಂಗಭದ್ರೆಯ ಕಡೆಗೆ ಇಳಿದ ನೆಲ ಮತ್ತೆ ಏರುವುದೂ ಇಲ್ಲಿಯೇ. ನವೆಂಬರ್ ಬಂತೆಂದರೆ ಲೆಕ್ಕ ತಿರುವುಮುರುವಾಗುತ್ತದೆ. ಗಾಳಿ ಮೂಡಣದಿಂದ ಬೀಸುವಾಗ ಮೊದಲು ಮುಂಡರಗಿಗೆ ಹೋಗಿ ಲಕ್ಷ್ಮೇಶ್ವರದ ಮೇಲೆ ಮರಳುವುದೇ ಜಾಣತನ. ಮಳೆಗಾಲಕ್ಕೆ ಎಡಸುತ್ತು, ಚಳಿಗಾಲಕ್ಕೆ ಬಲಸುತ್ತು. ಊರಿನ ಹೆಸರನ್ನಷ್ಟೇ ಪಟ್ಟಿ ಮಾಡಿ ಹೊರಡುವ ದಿಕ್ಕು ಹೇಳದ ನಕ್ಷೆ ಸವಾರನಿಗೆ ಅರ್ಧ ದಾರಿಯನ್ನಷ್ಟೇ ಕೊಟ್ಟಂತೆ.

ಎರಡನೆಯದು ಮಣ್ಣು ಮತ್ತು ಸುಗ್ಗಿ. ಎರೆ ಸೀಮೆಯ ಹಳ್ಳಿ ರಸ್ತೆ ಒಣಗಿದಾಗ ಸೈಕಲ್ಲಿಗೆ ಸುಖ, ಒಂದು ಹದ ಮಳೆ ಬಿದ್ದರೆ ಚಕ್ರಕ್ಕೂ ಬ್ರೇಕಿಗೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರಿಸುತ್ತದೆ. ಗುಡ್ಡದ ಮಗ್ಗುಲಿನ ಮಸಾರಿ ನೆಲ ನೀರನ್ನು ಬೇಗ ಬಸಿಯುತ್ತದೆ, ಹಾಗಾಗಿ ಮಳೆಗಾಲದ ಒಳದಾರಿಗಳು ಆ ಕಡೆಯೇ ಇರಬೇಕು. ಡಾಂಬರು ರಸ್ತೆ ಹಿಡಿದರೆ ಸಮಸ್ಯೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಆಗಸ್ಟ್ ಕೊನೆಯಿಂದ ಹೆಸರು ಬಳ್ಳಿ, ಆಮೇಲೆ ಗೋವಿನಜೋಳ, ಹಿಂಗಾರು ಮುಗಿಯುವ ಹೊತ್ತಿಗೆ ಕಡಲೆ, ಜೋಳ ಹೀಗೆ ಒಂದಾದ ಮೇಲೊಂದು ಬೆಳೆ ರಸ್ತೆಗೆ ಬಂದು ಬೀಳುತ್ತದೆ. ಲಾರಿ, ಟ್ರ್ಯಾಕ್ಟರ್ ಹಾದು ಒಕ್ಕಣೆಯಾಗಲಿ ಎಂದು ರೈತರು ಅರ್ಧ ರಸ್ತೆಗೆ ಹರವುತ್ತಾರೆ, ಅಂಚಿಗೆ ಕಲ್ಲು ಇಡುತ್ತಾರೆ. ಒಣ ಬಳ್ಳಿ ಚೈನಿಗೆ ಸುತ್ತಿ ಗೇರಿನ ಹಲ್ಲುಗಳ ನಡುವೆ ಕಚ್ಚಿಕೊಳ್ಳುತ್ತದೆ. ಉದುರಿದ ಕಾಳಿನ ಮೇಲೆ ತೆಳು ಟೈರು ಜಾರುತ್ತದೆ. ರಾತ್ರಿ ತೆಗೆಯದೆ ಬಿಟ್ಟ ಕಲ್ಲಂತೂ ಬೈಕ್ ಸವಾರರಿಗೂ ಅಪಾಯ. ಇದನ್ನು ಬರೀ ಅಡ್ಡಿಯೆಂದು ಬೈಯುವುದು ಸುಲಭ. ಆದರೆ ಊರೊಟ್ಟಿನ ಕಣಗಳು ಕಾಣೆಯಾಗಿ, ಕೈಗೆ ಆಳು ಸಿಗದೆ ಹೋದಾಗ ರೈತನಿಗೆ ಉಳಿದ ಗಟ್ಟಿ ನೆಲ ರಸ್ತೆಯೊಂದೇ. ಸೈಕಲ್ ದಾರಿ ಬೇಕೆನ್ನುವವರು ಮೊದಲು ಹಳ್ಳಿಗೊಂದು ಸಿಮೆಂಟಿನ ಕಣ ಕೇಳಬೇಕು. ಸವಾರನ ಸುರಕ್ಷತೆಯೂ ರೈತನ ಸುಗ್ಗಿಯೂ ಒಂದೇ ಬೇಡಿಕೆಯಾಗುವ ಅಪರೂಪದ ಜಾಗ ಇದು.

ಇಂಥ ಲೆಕ್ಕ ಪ್ರವಾಸೋದ್ಯಮದ 'ಸರ್ಕಿಟ್'ಗಳಲ್ಲಿ ಕಾಣುವುದಿಲ್ಲ. ಅವು ಗುಡಿಯಿಂದ ಗುಡಿಗೆ ಜಿಗಿಯುತ್ತವೆ. ಗದಗದ ತ್ರಿಕೂಟೇಶ್ವರ, ಲಕ್ಕುಂಡಿ, ಡಂಬಳದ ದೊಡ್ಡಬಸಪ್ಪ, ಲಕ್ಷ್ಮೇಶ್ವರದ ಸೋಮೇಶ್ವರ, ಶಿರಹಟ್ಟಿಯ ಫಕೀರೇಶ್ವರ ಮಠ ಎಲ್ಲವೂ ನೋಡಲೇಬೇಕಾದವು. ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ತಳವಿನ್ಯಾಸಕ್ಕೆ ಸಮನಾದದ್ದು ಚಾಲುಕ್ಯ ಶಿಲ್ಪದಲ್ಲೇ ವಿರಳ. ಆದರೆ ಸೈಕಲ್ಲಿನ ಮೇಲೆ ಬಂದವನಿಗೆ ಡಂಬಳದ ಕೆರೆಯೂ ಅಷ್ಟೇ ಮುಖ್ಯ, ಏಕೆಂದರೆ ಬಿಸಿಲಿನ ಕೊನೆಯ ಏರಿಗೆ ಮುನ್ನ ತಂಪು ಸಿಗುವುದು ಅಲ್ಲಿ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಇನ್ನೂ ಒಳ್ಳೆಯ ನಿದರ್ಶನ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುವುದು ಚಳಿಗಾಲದಲ್ಲಿ. ಅದೇ ಕಾಲಕ್ಕೆ ಗಾಳಿ ಬಲಸುತ್ತಿಗೆ ಅನುಕೂಲ, ಎರೆ ಒಣಗಿ ಒಳದಾರಿ ತೆರೆದಿರುತ್ತದೆ, ಹೊಲದಲ್ಲಿ ಕಡಲೆ ಹಸಿರಾಗಿರುತ್ತದೆ. ಹಕ್ಕಿ, ಬೆಳೆ, ಗಾಳಿ, ಮಣ್ಣು ನಾಲ್ಕೂ ಕೂಡಿ ಬರುವ ಡಿಸೆಂಬರ್-ಜನವರಿಯೇ ಈ ಸುತ್ತಿನ ನಿಜವಾದ ಹಂಗಾಮು. ಕಿಯಾಂತಿಗೆ ಅಕ್ಟೋಬರ್ ಹೇಗೋ ಹಾಗೆ.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ನೆರಳಿಲ್ಲ, ಮಾರ್ಚ್ ದಾಟಿದರೆ ಬೆಂಕಿಯಂಥ ಬಿಸಿಲು ಎಂಬುದು ಮೊದಲನೆಯದು. ನಿಜವೇ. ಅದಕ್ಕೇ ವರ್ಷವಿಡೀ ತೆರೆದಿರುವ ದಾರಿ ಎಂಬ ಜಾಹೀರಾತಿನ ಮಾತನ್ನು ಕೈಬಿಡಬೇಕು. ಬಿತ್ತನೆಗೆ ಕಾಲವಿರುವಂತೆ ಸವಾರಿಗೂ ಕಾಲವಿದೆ ಎಂದು ಒಪ್ಪಿದರೆ ದಾರಿಯ ಬೆಲೆ ಇಳಿಯುವುದಿಲ್ಲ. ಎರಡನೆಯದು ಕಪ್ಪತಗುಡ್ಡದ ಬಗ್ಗೆ. ಗಣಿಗಾರಿಕೆಯ ಕಣ್ಣಿನಿಂದ ಈ ಗುಡ್ಡವನ್ನು ಉಳಿಸಿಕೊಳ್ಳಲು ಗದಗದ ಜನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಜೊತೆ ನಿಂತು ಹೋರಾಡಿದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಈಗ ಸೈಕಲ್ಲಿನ ಹೆಸರಿನಲ್ಲಿ ಜನಜಂಗುಳಿ ಹೊಕ್ಕರೆ ಗತಿಯೇನು? 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ಗದಗದಲ್ಲಿ ನಡೆದ ಮೇಲೆ ಗುಡ್ಡದೊಳಗಿನ ಕಾಲುದಾರಿಯ ಆಸೆ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಆದರೆ ದೂರದ ರಸ್ತೆ ಸವಾರಿಗೆ ಕಾಡಿನ ಒಳಹಾದಿಯ ಅಗತ್ಯವೇ ಇಲ್ಲ. ಈಗಿರುವ ಡಾಂಬರಿನಲ್ಲೇ ಗುಡ್ಡದ ಸಾಲನ್ನು ದಾಟಿ ಉಳಿದಷ್ಟನ್ನು ತಪ್ಪಲಿನಲ್ಲಿ ಸುತ್ತಬಹುದು. ಒಣಹುಲ್ಲಿಗೆ ಕಿಚ್ಚು ತಗಲುವ ಬೇಸಿಗೆಯಲ್ಲಿ ಗುಡ್ಡದ ಹತ್ತಿರದ ದಾರಿಯನ್ನು ಮುಚ್ಚುವುದನ್ನೂ ವೇಳಾಪಟ್ಟಿಯೇ ಹೇಳಬೇಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಚುರುಕಾದದ್ದು. ಲಕ್ಷ ರೂಪಾಯಿಯ ಸೈಕಲ್ ಏರುವವರ ಹವ್ಯಾಸಕ್ಕೆ ಬರದ ಸೀಮೆಯ ರಸ್ತೆ ಏಕೆ ಹೊಂದಿಕೊಳ್ಳಬೇಕು? ಇದಕ್ಕೆ ಉತ್ತರ ರಸ್ತೆಯ ಮೇಲೆಯೇ ಇದೆ. ಈ ಸೀಮೆಯಲ್ಲಿ ಸೈಕಲ್ ಹೊರಗಿನಿಂದ ಬಂದ ಶೋಕಿಯಲ್ಲ. ಗದಗದ ಸೈಕ್ಲಿಂಗ್ ಕ್ರೀಡಾ ವಸತಿ ನಿಲಯದಲ್ಲಿ ಪಳಗಿದ ಹಳ್ಳಿಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. 2006-07ರಲ್ಲಿ ಆರಂಭವಾದ ಸರ್ಕಾರದ ಉಚಿತ ಸೈಕಲ್ ಯೋಜನೆ ಎಂಟನೇ ತರಗತಿಯ ಮಕ್ಕಳನ್ನು ಇದೇ ರಸ್ತೆಗಳಿಗೆ ಇಳಿಸಿತು. ಪದಕಕ್ಕೆ ತಾಲೀಮು ಮಾಡುವವಳಿಗೂ ಹೈಸ್ಕೂಲಿಗೆ ಹೋಗುವವಳಿಗೂ ಬೇಕಾದದ್ದು ಒಂದೇ: ಅಂಚು ಕುಸಿಯದ ರಸ್ತೆ, ಮರಳು ತುಂಬಿದ ಟಿಪ್ಪರ್ ಹಿಂದಿನಿಂದ ಬಂದಾಗ ಸರಿದು ನಿಲ್ಲಲು ಮೂರಡಿ ಜಾಗ. ಹೊರಗಿನ ಸವಾರನಿಗೆಂದು ರೂಪಿಸಿದ ದಾರಿ ಇವರಿಗೆ ಒದಗದಿದ್ದರೆ ಅದನ್ನು ತಿರಸ್ಕರಿಸಲೇಬೇಕು. ಒದಗಿದರೆ ಆಕ್ಷೇಪ ತಾನಾಗಿ ಸೋಲುತ್ತದೆ.

ಈ ಅಳತೆಗೋಲು ಹಿಡಿದು ನೋಡಿದರೆ ತೀರ್ಪು ಮಿಶ್ರವಾದದ್ದೇ. ನೆಲದ ವೈವಿಧ್ಯದಲ್ಲಿ, ಹಳ್ಳಿಗಳ ಸಾಮೀಪ್ಯದಲ್ಲಿ, ಹಸಿದವನಿಗೆ ಗಿರಮಿಟ್ಟೋ ಖಾನಾವಳಿಯ ಜೋಳದ ರೊಟ್ಟಿಯೋ ಸಿಗುವುದರಲ್ಲಿ ಈ ಸುತ್ತು ಯಾವ ಹೆಸರಾಂತ ದ್ರಾಕ್ಷಿ ಸೀಮೆಗೂ ಸಾಟಿ. ಗದಗದಿಂದ ಲಕ್ಷ್ಮೇಶ್ವರದವರೆಗಿನ, ಲಾರಿಗಳ ದಟ್ಟಣೆಯಿರುವ ಪಾಲಾ-ಬಾದಾಮಿ ರಾಜ್ಯ ಹೆದ್ದಾರಿಯ ಭಾಗ ಮಾತ್ರ ಅದರ ದುರ್ಬಲ ಕೊಂಡಿ. ಅದನ್ನು ಬಿಟ್ಟು ಹಳ್ಳಿ ರಸ್ತೆಗಳ ಮೂಲಕ ಲಕ್ಷ್ಮೇಶ್ವರ ಸೇರಿಸುವವರೆಗೆ ಹೊಸ ಸವಾರರನ್ನು ಅಲ್ಲಿಗೆ ಕಳಿಸುವುದು ಸರಿಯಲ್ಲ. ಶಿರಹಟ್ಟಿಯಿಂದ ಮುಂಡರಗಿ, ಡಂಬಳದವರೆಗಿನ ಅರ್ಧ ಸುತ್ತನ್ನು ಈಗಲೇ ಧೈರ್ಯವಾಗಿ ಸೂಚಿಸಬಹುದು, ಆದರೆ ತಿಂಗಳು, ದಿಕ್ಕು, ಸುಗ್ಗಿಯ ದಿನಗಳನ್ನು ನಮೂದಿಸಿ. ಇಷ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಲು ಮುದ್ರಣಕ್ಕೆ ಹೆಸರಾದ ಗದಗಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಕೋಟಿಗಟ್ಟಲೆ ಅನುದಾನವೂ ಬೇಕಿಲ್ಲ.