ಅಲ್ಪಾವಧಿಯ ಚಲಚ್ಚಿತ್ರ ಕಮ್ಮಟಗಳು: ಒಂದು ಪರಾಮರ್ಶೆ

ಐದು ಇಲ್ಲವೆ ಹತ್ತು ದಿನಗಳಲ್ಲಿ ಚಿತ್ರನಿರ್ಮಾಣವನ್ನು ಕಲಿಸಿಕೊಡುವೆವೆನ್ನುವ ಕಮ್ಮಟಗಳು ಈಚೆಗೆ ನಮ್ಮ ಕಾಲೇಜುಗಳಿಗೂ ಬಂದಿವೆ. ಅವುಗಳಿಗೆ ವೆಚ್ಚವಾಗುವ ಹಣವೂ ಕಾಲವೂ ಸಾರ್ಥಕವೇ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುತ್ತಾರೆ. ಹಾಗೆ ಕೇಳುವವರಲ್ಲಿ ಸಾಲಮಾಡಿ ಶುಲ್ಕ ತೆರುವವರೂ ಇರುವುದರಿಂದ ಈ ಪ್ರಶ್ನೆಯನ್ನು ಹಗುರವಾಗಿ ಎಣಿಸುವಂತಿಲ್ಲ.

ಕುಶಲತೆಯು ಐದು ದಿನಗಳಲ್ಲಿ ಕೈಗೂಡದೆಂಬುದು ನಿರ್ವಿವಾದ. 1960ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಚಲಚ್ಚಿತ್ರ ಸಂಸ್ಥೆಯು ನಿರ್ದೇಶನಕ್ಕೆ ವರ್ಷಗಳ ಶಿಕ್ಷಣವನ್ನು ಗೊತ್ತುಮಾಡಿರುವುದು ಸುಮ್ಮನೆಯಲ್ಲ. ಗಿರೀಶ ಕಾಸರವಳ್ಳಿಯವರು ಅಲ್ಲಿ ಕಲಿತು ಬಂದೇ 1977ರಲ್ಲಿ ‘ಘಟಶ್ರಾದ್ಧ’ವನ್ನು ಕೊಟ್ಟರು. ಆದರೆ ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ಸತ್ಯಜಿತ್ ರಾಯ್ ಯಾವ ಚಿತ್ರಶಾಲೆಯಲ್ಲಿಯೂ ಓದಿದವರಲ್ಲ. 1947ರಲ್ಲಿ ಗೆಳೆಯರೊಡನೆ ಕಟ್ಟಿದ ಕಲ್ಕತ್ತೆಯ ಫಿಲಂ ಸೊಸೈಟಿ, ‘ದಿ ರಿವರ್’ ಚಿತ್ರಕ್ಕಾಗಿ ಬಂಗಾಳಕ್ಕೆ ಬಂದ ಝಾಂ ರೆನ್ವಾರ ಒಡನಾಟ, 1950ರಲ್ಲಿ ಲಂಡನ್ನಿನಲ್ಲಿ ಕೆಲವೇ ತಿಂಗಳುಗಳೊಳಗೆ ನೋಡಿದ ನೂರರ ಸಮೀಪದ ಚಿತ್ರಗಳು, ಇವೇ ಅವರ ಗುರುಕುಲ. ‘ಪಥೇರ್ ಪಾಂಚಾಲಿ’ಯ ಛಾಯಾಗ್ರಾಹಕರಾದ ಸುಬ್ರತ ಮಿತ್ರರಂತೂ ಅದಕ್ಕೆ ಮುನ್ನ ಚಲಚ್ಚಿತ್ರದ ಕ್ಯಾಮೆರಾವನ್ನು ನಡೆಸಿದವರೇ ಅಲ್ಲ. ಯಂತ್ರವನ್ನು ಕೆಲಸದ ನಡುವೆ ಕಲಿಯಬಹುದು. ಕಣ್ಣು ಮಾತ್ರ ಮೊದಲೇ ಹದಗೊಂಡಿರಬೇಕು.

ಕಮ್ಮಟದ ಬೆಲೆಯನ್ನು ಅಳೆಯಬೇಕಾದುದು ಇಲ್ಲಿಯೇ ಎಂದು ನಮ್ಮ ಭಾವನೆ. 1920ರ ಸುಮಾರಿಗೆ ಮಾಸ್ಕೋ ನಗರದಲ್ಲಿ ಲೆವ್ ಕುಲೆಶೋವ್ ನಡೆಸಿದ ಕಮ್ಮಟಕ್ಕೆ ಕಚ್ಚಾ ಫಿಲಂ ದೊರೆಯುವುದೇ ದುಸ್ತರವಾಗಿತ್ತು. ಶಿಷ್ಯರು ಫಿಲಂ ಇಲ್ಲದೆಯೇ ದೃಶ್ಯಗಳನ್ನು ಅಭಿನಯಿಸಿ ಅಭ್ಯಾಸಮಾಡಿದರು. ದೊರೆತ ತುಣುಕುಗಳನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ ಅರ್ಥವು ಹೇಗೆ ಮಾರ್ಪಡುವುದೆಂಬುದನ್ನು ಪರೀಕ್ಷಿಸಿದರು. ಪುಡೋವ್ಕಿನ್ ಆ ಗುಂಪಿನಿಂದ ಬಂದವರು. ನಮ್ಮ ಹೆಗ್ಗೋಡಿನಲ್ಲಿಯೂ ಕೆ. ವಿ. ಸುಬ್ಬಣ್ಣನವರ ನೀನಾಸಂ, ಸತೀಶ ಬಹಾದೂರರ ನೆರವಿನಿಂದ ನಡೆಸಿದ ಚಿತ್ರರಸಗ್ರಹಣ ಶಿಬಿರಗಳಲ್ಲಿ, ಕಲಿಸಿದ್ದು ನೋಡುವುದನ್ನು.

ಈಗಿನ ಸ್ಥಿತಿ ವಿಪರೀತವಾಗಿದೆ. ಕ್ಯಾಮೆರಾ ಪ್ರತಿಯೊಬ್ಬರ ಮೊಬೈಲಿನಲ್ಲಿಯೂ ಇದೆ. ಅದನ್ನು ಬಳಸುವ ಬಗೆಯನ್ನು ಕಾಸಿಲ್ಲದೆ ತಿಳಿಯಬಹುದು. ಹಾಗಿದ್ದೂ ನಮ್ಮ ವಿದ್ಯಾರ್ಥಿಗಳು ಹೋಗಿದ್ದ ಐದು ದಿನಗಳ ಕಮ್ಮಟವೊಂದರಲ್ಲಿ ಮೂರು ದಿನ ಮಸೂರ ಮತ್ತು ದೀಪಗಳ ವಿವರಣೆಗೆ ಸಂದಿತು. ನಾಲ್ಕನೆಯ ದಿನ ಚಿತ್ರೀಕರಣ. ಕೊನೆಯ ದಿನದ ಬಹುಪಾಲು ಪ್ರಮಾಣಪತ್ರಕ್ಕೂ ಗುಂಪು ಭಾವಚಿತ್ರಕ್ಕೂ ಮೀಸಲು. ತಯಾರಾದ ಕಿರುಚಿತ್ರಗಳನ್ನು ತೋರಿಸಿ ಕೈತಟ್ಟಲಾಯಿತೇ ಹೊರತು ಯಾರೂ ಅವುಗಳ ಗುಣದೋಷಗಳನ್ನು ಎತ್ತಲಿಲ್ಲ. ಆದರೂ ಅಲ್ಲಿ ಒಂದು ಒಳ್ಳೆಯ ಪ್ರಸಂಗ ನಡೆಯಿತು. ಬಸ್ಸಿಗಾಗಿ ಕಾಯುವ ಮುದುಕಿಯೊಬ್ಬಳ ದೃಶ್ಯವನ್ನು ಹನ್ನೊಂದು ತುಣುಕುಗಳಲ್ಲಿ ಜೋಡಿಸಿದ್ದ ಹುಡುಗನಿಗೆ, ಚಹದ ಬಿಡುವಿನಲ್ಲಿ, ಸಂಕಲನಕಾರರೊಬ್ಬರು ಬಸ್ಸನ್ನು ತೋರಿಸುವ ತುಣುಕನ್ನು ತೆಗೆದುನೋಡೆಂದರು. ತೆಗೆದೊಡನೆ ಆ ಕಾಯುವಿಕೆ ನಮಗೆಲ್ಲರಿಗೂ ತಟ್ಟಿತು. ವೇಳಾಪಟ್ಟಿಯಲ್ಲಿ ಇಲ್ಲದಿದ್ದ ಆ ಅರ್ಧ ಗಂಟೆಗೆ ಇಡಿಯ ಶುಲ್ಕವನ್ನು ತೆತ್ತರೂ ನಷ್ಟವಿಲ್ಲವೆಂದು ನಾವು ಹೇಳುತ್ತೇವೆ. ಉಳಿದ ಕಾಲದ ಬಗೆಗೆ ಈ ಮಾತನ್ನು ಹೇಳಲಾರೆವು.

ಆದುದರಿಂದ ಹಣ ಕಟ್ಟುವ ಮೊದಲು ವಿದ್ಯಾರ್ಥಿಯು ಕೇಳಬೇಕಾದುದು ಯಾವ ಕ್ಯಾಮೆರಾ ಎಂದಲ್ಲ, ತನ್ನ ಚಿತ್ರವನ್ನು ಯಾರು, ಎಷ್ಟು ಹೊತ್ತು ಕುಳಿತು ತಿದ್ದುವರೆಂಬುದನ್ನು. ನಮ್ಮ ವಿಭಾಗಕ್ಕೆ ಬರಲೊಪ್ಪಿರುವ ಸಂಘಟಕರಿಗೆ, ಐದರಲ್ಲಿ ಮೂರು ದಿನಗಳನ್ನು ಸಂಕಲನಕ್ಕೂ ವಿಮರ್ಶೆಗೂ ಬಿಡಬೇಕೆಂದು ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.