ಚೌಕಟ್ಟಿನ ಉತ್ತರ: ಒಂದು ವಿಮರ್ಶೆ

ಪರೀಕ್ಷೆಯಲ್ಲಿ ಒಳ್ಳೆಯ ಉತ್ತರವನ್ನು ಬರೆಯುವ ಕ್ರಮವನ್ನು ವಿದ್ಯಾರ್ಥಿಗಳಿಗೆ ಕಲಿಸಬಹುದೇ? ಕಲಿಸಬಹುದಾದರೆ, ಕಲಿಸತಕ್ಕದ್ದು ಉತ್ತರದ ಆಕಾರವನ್ನೋ, ಅದಕ್ಕೆ ಮೂಲವಾದ ಆಲೋಚನೆಯನ್ನೋ? ಅಮೆರಿಕದ ಸಂಯುಕ್ತ ಸಂಸ್ಥಾನಗಳ ಶಾಲೆಗಳಲ್ಲಿ ಈ ಪ್ರಶ್ನೆ ಈಗ ವಿಶೇಷ ಮಹತ್ತ್ವವನ್ನು ಪಡೆದಿದೆ. 2002ರ ಜನವರಿಯಲ್ಲಿ ಅಂಕಿತ ಬಿದ್ದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಶಾಸನವು 3ರಿಂದ 8ನೆಯ ತರಗತಿಯವರೆಗೆ ಪ್ರತಿವರ್ಷವೂ, ಪ್ರೌಢಶಾಲೆಯಲ್ಲಿ ಒಮ್ಮೆಯೂ ಓದು ಮತ್ತು ಗಣಿತಗಳಲ್ಲಿ ಏಕರೂಪವಾದ ಪರೀಕ್ಷೆ ನಡೆಯಬೇಕೆಂದು ವಿಧಿಸಿತು. 2015ರಲ್ಲಿ ಅದರ ಸ್ಥಾನಕ್ಕೆ ಬಂದ ಶಾಸನವೂ ಈ ಪರೀಕ್ಷೆಗಳನ್ನು ಉಳಿಸಿಕೊಂಡಿತು. ಸರಿಯುತ್ತರವನ್ನು ಗುರುತಿಸುವ ಪ್ರಶ್ನೆಗಳ ಜೊತೆಗೆ, ಸ್ವಂತ ವಾಕ್ಯಗಳಲ್ಲಿ ಉತ್ತರ ಬರೆಯಬೇಕಾದ ಪ್ರಶ್ನೆಗಳೂ ಇವುಗಳಲ್ಲಿ ಉಂಟು. ಇಂಥ ಉತ್ತರಗಳಿಗೆಂದು ಅಲ್ಲಿನ ತರಗತಿಗಳಲ್ಲಿ ಪ್ರಚಾರಕ್ಕೆ ಬಂದ ಒಂದು ಸೂತ್ರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಸೂತ್ರಕ್ಕೆ ನಾಲ್ಕು ಅಂಗಗಳು: ಪ್ರಶ್ನೆಯನ್ನು ವಾಕ್ಯರೂಪದಲ್ಲಿ ಮರಳಿ ಹೇಳುವುದು, ಉತ್ತರ ಕೊಡುವುದು, ಪಾಠದಿಂದ ಆಧಾರವನ್ನು ಎತ್ತಿ ತೋರಿಸುವುದು, ವಿವರಿಸುವುದು. ಇಂಗ್ಲಿಷಿನಲ್ಲಿ ಈ ನಾಲ್ಕರ ಮೊದಲಕ್ಷರಗಳು ಸೇರಿ ‘ರೇಸ್’ ಎಂಬ ಪದವಾಗುವುದರಿಂದ ಮಕ್ಕಳಿಗೆ ಇದನ್ನು ನೆನಪಿಡುವುದು ಸುಲಭ.

ಇಂಥ ಸೂತ್ರವನ್ನು ಒಮ್ಮೆಗೇ ತಳ್ಳಿಹಾಕುವುದು ನ್ಯಾಯವಲ್ಲ. ಲೀಸಾ ಡೆಲ್ಪಿಟ್ ಎಂಬ ವಿದುಷಿ 1988ರ ಪ್ರಬಂಧವೊಂದರಲ್ಲಿ ಒಂದು ಮುಖ್ಯ ವಿಚಾರವನ್ನು ಮಂಡಿಸಿದರು. ಅನುಕೂಲಸ್ಥರ ಮಕ್ಕಳು ವಿದ್ಯಾವಂತರ ಮಾತಿನ ರೀತಿಯನ್ನು ಮನೆಯಲ್ಲಿಯೇ ಕಲಿತು ಬರುತ್ತಾರೆ. ಉಳಿದವರಿಗೆ ಆ ರೀತಿಯ ನಿಯಮಗಳನ್ನು ಶಾಲೆಯು ಬಾಯಿಬಿಟ್ಟು ಹೇಳಿಕೊಡದಿದ್ದರೆ, ಸ್ವಾತಂತ್ರ್ಯದ ಹೆಸರಿನಲ್ಲಿ ಅವರನ್ನು ವಂಚಿಸಿದಂತಾಗುತ್ತದೆ ಎಂಬುದು ಅವರ ವಾದದ ಸಾರ. ಮನೆಯಲ್ಲಿ ಮೊದಲು ಅಕ್ಷರ ಕಲಿತ ತಲೆಮಾರಿನ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನಮಗೆ ಈ ಮಾತಿನ ಸತ್ಯ ಚೆನ್ನಾಗಿ ತಿಳಿದಿದೆ. ಖಾಲಿ ಹಾಳೆಯ ಮುಂದೆ ಕಂಗೆಟ್ಟು ಕುಳಿತ ಹುಡುಗನಿಗೆ ಸೂತ್ರವು ಮೊದಲ ವಾಕ್ಯವನ್ನು ಒದಗಿಸುತ್ತದೆ. ಅಷ್ಟರಮಟ್ಟಿಗೆ ಅದು ಉಪಕಾರಿಯೇ ಸರಿ.

ದೋಷವು ಕಾಣಿಸಿಕೊಳ್ಳುವುದು ನಾಲ್ಕನೆಯ ಅಂಗದಲ್ಲಿ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳು ಊರಿಗೆ ಹೋಗುತ್ತಾಳೆ. ಬೀಗದ ಕೈಯನ್ನು ಹಿಡಿದುಕೊಂಡು ಬಾಗಿಲ ಮುಂದೆ ಬಹಳ ಹೊತ್ತು ನಿಲ್ಲುತ್ತಾಳೆ. ಅವಳ ಮನಃಸ್ಥಿತಿ ಎಂಥದು ಎಂಬುದು ಪ್ರಶ್ನೆ. ಸೂತ್ರವನ್ನು ಕಲಿತ ವಿದ್ಯಾರ್ಥಿಯು ಹೀಗೆ ಬರೆಯುತ್ತಾನೆ: ‘ಹುಡುಗಿಯ ಮನಃಸ್ಥಿತಿ ದುಃಖದ್ದಾಗಿದೆ. ಏಕೆಂದರೆ ಅವಳು ಬಾಗಿಲ ಮುಂದೆ ಬಹಳ ಹೊತ್ತು ನಿಂತಳೆಂದು ಕಥೆಯಲ್ಲಿದೆ. ಇದರಿಂದ ಅವಳಿಗೆ ದುಃಖವಾಗಿದೆಯೆಂದು ತಿಳಿಯುತ್ತದೆ.’ ಇಲ್ಲಿ ನಾಲ್ಕು ಅಂಗಗಳೂ ಇವೆ. ವಿವರಣೆ ಮಾತ್ರ ಇಲ್ಲ. ಕೊನೆಯ ವಾಕ್ಯವು ಮೊದಲನೆಯದರ ಪುನರುಕ್ತಿ. ಕೈಯಲ್ಲಿ ಬೀಗದ ಕೈ ಇದ್ದವಳಿಗೆ ಬಾಗಿಲು ತೆರೆಯುವುದು ಕಷ್ಟವಲ್ಲ. ಆದರೂ ತೆರೆಯಲಿಲ್ಲವೆಂದರೆ ತಡೆದದ್ದು ಬೀಗವಲ್ಲ, ಒಳಗೆ ಯಾರೂ ಇಲ್ಲವೆಂಬ ಅರಿವು. ಹೀಗೆ ಬರೆದಿದ್ದರೆ ಆಧಾರಕ್ಕೂ ಉತ್ತರಕ್ಕೂ ಸಂಬಂಧ ಏರ್ಪಡುತ್ತಿತ್ತು. ಆಧಾರವು ತಾನಾಗಿಯೇ ಮಾತನಾಡುವುದಿಲ್ಲವೆಂಬುದು ಇತಿಹಾಸದ ವಿದ್ಯಾರ್ಥಿಗೆ ಶಾಸನಗಳು ಕಲಿಸುವ ಮೊದಲ ಪಾಠ.

ಗಣಿತದಲ್ಲಿ ಇದೇ ದೋಷವು ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಮಾಪನದ ಮೂರನೆಯ ಗಣಿತ ಪರೀಕ್ಷೆಯಲ್ಲಿ, 1980ರ ದಶಕದ ಆರಂಭದಲ್ಲಿ, 13 ವರ್ಷದ ಮಕ್ಕಳಿಗೆ ಒಂದು ಲೆಕ್ಕವನ್ನು ಕೊಡಲಾಯಿತು. ಒಂದು ಬಸ್ಸು 36 ಸೈನಿಕರನ್ನು ಹಿಡಿಸುತ್ತದೆ. 1128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ಸುಮಾರು ನೂರಕ್ಕೆ 70 ಮಂದಿ ಭಾಗಾಕಾರವನ್ನು ತಪ್ಪಿಲ್ಲದೆ ಮಾಡಿದರು. ಆದರೆ ನೂರಕ್ಕೆ 29 ಮಂದಿ ‘31, ಶೇಷ 12’ ಎಂದು ಬರೆದರು. 32 ಎಂಬ ಸರಿಯುತ್ತರ ಕೊಟ್ಟವರು ನಾಲ್ವರಲ್ಲಿ ಒಬ್ಬರಷ್ಟೂ ಇರಲಿಲ್ಲ. ಈ ಮಕ್ಕಳಿಗೆ ಭಾಗಾಕಾರ ಬರುತ್ತಿತ್ತು. ಕೇಳಿದ್ದು ಬಸ್ಸುಗಳ ಸಂಖ್ಯೆಯೆಂಬುದು ಲೆಕ್ಕದ ನಡುವೆ ಮರೆತುಹೋಯಿತು. ‘31 ಬಸ್ಸು ತುಂಬಿದ ಮೇಲೆ 12 ಜನ ಉಳಿಯುತ್ತಾರೆ, ಅವರಿಗೂ ಒಂದು ಬಸ್ಸು ಬೇಕು’ ಎಂಬ ಒಂದು ವಾಕ್ಯವನ್ನು ಬರೆಯುವ ಅಭ್ಯಾಸವಿದ್ದಿದ್ದರೆ ಅನೇಕರು ತಮ್ಮ ತಪ್ಪನ್ನು ತಾವೇ ಕಂಡುಕೊಳ್ಳುತ್ತಿದ್ದರು. ಗಣಿತದಲ್ಲಿ ವಿವರಣೆಯ ನಿಜವಾದ ಪ್ರಯೋಜನವಿದು.

ಅಳೆಯುವ ಕ್ರಮವು ಕಲಿಸುವ ಕ್ರಮವನ್ನು ತಿರುಚುವುದು ಹೊಸ ಸಂಗತಿಯೇನೂ ಅಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಜಾರಿಗೆ ತಂದ ಪರಿಷ್ಕೃತ ನಿಯಮಾವಳಿಯ ಪ್ರಕಾರ, ಓದು, ಬರಹ, ಲೆಕ್ಕಗಳಲ್ಲಿ ಮಗುವು ಯಾವುದೊಂದರಲ್ಲಿ ತಪ್ಪಿದರೂ ಶಾಲೆಯ ಅನುದಾನದಲ್ಲಿ 2 ಷಿಲಿಂಗ್ 8 ಪೆನ್ಸ್ ಕಡಿತವಾಗುತ್ತಿತ್ತು. ಸ್ವತಃ ಶಾಲಾ ತನಿಖಾಧಿಕಾರಿಯಾಗಿದ್ದ ಮ್ಯಾಥ್ಯೂ ಆರ್ನಲ್ಡ್, ನಿಯತವಾದ ಪುಸ್ತಕವನ್ನು ಬಾಯಿಪಾಠ ಮಾಡಿದ ಮಗು ಓದು ಬಾರದೆಯೇ ಓದಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದೆಂದು ಎಚ್ಚರಿಸಿದನು. ಇಂದು ಅಳೆಯುವವನೂ ಬದಲಾಗುತ್ತಿದ್ದಾನೆ. 2024ರಲ್ಲಿ ಟೆಕ್ಸಸ್ ಸಂಸ್ಥಾನವು ಬರೆದ ಉತ್ತರಗಳಿಗೆ ಮೊದಲು ಯಂತ್ರದಿಂದ ಅಂಕ ಹಾಕಿಸಿ, ಅವುಗಳಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಮನುಷ್ಯರಿಂದ ಮರುಪರಿಶೀಲಿಸುವ ವ್ಯವಸ್ಥೆಯನ್ನು ಮಾಡಿತು. ಇಂಥ ಕಡೆ ಆಕಾರವನ್ನೇ ನೆಚ್ಚಿಕೊಳ್ಳುವ ಆಸೆ ಅಧ್ಯಾಪಕನಿಗೆ ಇನ್ನಷ್ಟು ಬಲವಾದರೆ ಆಶ್ಚರ್ಯವಿಲ್ಲ.

ಪರದೇಶದ ದೋಷವನ್ನು ಎಣಿಸಿ ತೃಪ್ತರಾಗುವ ಹಕ್ಕು ನಮಗಿಲ್ಲ. 1857ರ ದಂಗೆಯು ಮುಖ್ಯವಾಗಿ ಸೈನಿಕ ಅಸಮಾಧಾನದ ಫಲವೇ ಎಂದು ಕೇಳಿದರೆ, ನಮ್ಮ ಪದವಿ ವಿದ್ಯಾರ್ಥಿಗಳು ರಾಜಕೀಯ, ಆರ್ಥಿಕ, ಧಾರ್ಮಿಕ, ಸೈನಿಕ ಎಂದು ಕಾರಣಗಳ ಪಟ್ಟಿಯನ್ನು ಒಪ್ಪಿಸುತ್ತಾರೆ. ‘ಮುಖ್ಯವಾಗಿ’ ಎಂಬ ಪದವನ್ನು ಮುಟ್ಟುವುದಿಲ್ಲ. ಅಂಥ ಉತ್ತರಗಳಿಗೆ ಈ ಲೇಖಕನು ಹಲವು ಬಾರಿ ಧಾರಾಳವಾಗಿ ಅಂಕ ಕೊಟ್ಟದ್ದುಂಟು. ಪಟ್ಟಿ ಪೂರ್ಣವಾಗಿತ್ತು, ಕಾಲ ಸಾಲದಾಗಿತ್ತು. ಹಾಗೆ ಕೊಟ್ಟ ಒಂದೊಂದು ಅಂಕವೂ ಮುಂದಿನ ವರ್ಷದ ವಿದ್ಯಾರ್ಥಿಗೆ ಪ್ರಶ್ನೆಯನ್ನು ಓದಬೇಕಾಗಿಲ್ಲವೆಂಬ ಪಾಠವಾಯಿತು.

ಹಾಗಾದರೆ ಮಾಡತಕ್ಕದ್ದೇನು? ಸೂತ್ರವನ್ನು ಬಿಡಬೇಕಾಗಿಲ್ಲ, ಅದರ ಹಿಂದೆಯೂ ಮುಂದೆಯೂ ಒಂದೊಂದು ಕೆಲಸವನ್ನು ಸೇರಿಸಬೇಕು. ಮೊದಲನೆಯದು, ಲೇಖನಿ ಎತ್ತುವ ಮುನ್ನ ಪ್ರಶ್ನಪತ್ರಿಕೆಯನ್ನು ಮಗುಚಿಟ್ಟು, ಕೇಳಿದ್ದೇನೆಂಬುದನ್ನು ವಿದ್ಯಾರ್ಥಿಯು ಸ್ವಂತ ಮಾತಿನಲ್ಲಿ ಹೇಳಬೇಕು. ಎರಡನೆಯದು, ಬರೆದಾದ ಮೇಲೆ ವಿವರಣೆಯ ವಾಕ್ಯವನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಬೇಕು. ಏನೂ ನಷ್ಟವಾಗಿಲ್ಲವೆಂದು ಕಂಡರೆ ಆ ವಾಕ್ಯವು ವಿವರಣೆಯಾಗಿಲ್ಲವೆಂದೇ ಅರ್ಥ. ಒಂದೇ ಪ್ರಶ್ನೆಗೆ ಬರೆದ ಎರಡು ಉತ್ತರಗಳನ್ನು ತರಗತಿಯ ಮುಂದಿಟ್ಟು, ಯಾವುದು ಮೇಲು, ಏಕೆ ಮೇಲು ಎಂದು ಚರ್ಚಿಸಿದರೆ ಈ ವಿವೇಕ ಬೇಗ ಬೆಳೆಯುತ್ತದೆ. ಚೌಕಟ್ಟನ್ನು ಮೊದಲ ತಿಂಗಳುಗಳಲ್ಲಿ ಕೊಟ್ಟು, ವರ್ಷ ಮುಗಿಯುವುದರೊಳಗೆ ಕ್ರಮಕ್ರಮವಾಗಿ ತೆಗೆಯುವುದು ಯುಕ್ತ.

ಇದಕ್ಕೆ ಹೆಚ್ಚಿನ ವೇಳೆ ಬೇಕು. ಪಟ್ಟಿಗೆ ಅಂಕ ಕೊಡುವ ಅಭ್ಯಾಸವನ್ನು ನಾವೂ ಬಿಡಬೇಕು. ಉತ್ತರವು ಪ್ರಶ್ನೆಗೆ ಮರಳಿ ಬಂದಿದೆಯೇ ಎಂದು ನೋಡದೆ ಅಂಕ ಹಾಕುವ ಅಧ್ಯಾಪಕನು, ಪ್ರಶ್ನೆಯನ್ನು ಓದದೆ ಉತ್ತರಿಸುವ ವಿದ್ಯಾರ್ಥಿಯನ್ನು ಆಕ್ಷೇಪಿಸಲಾರನು.